‘ಎಕ್ಕಡ’ ಎಂದು ಕೇಳಿದವರಿಗೆ ಉತ್ತರಿಸುವ ಕುರಿತು

ಇಲಾಖಾ ಕಚೇರಿ, ಗಾಂಧಿನಗರ, ಬಳ್ಳಾರಿ

ಸಂಖ್ಯೆ: ಸಿಬ್ಬಂದಿ/ಸಿನಿಮಾ/ನಗು/1/73-74
ದಿನಾಂಕ: 19-2-1974

ಸುತ್ತೋಲೆ

ವಿಷಯ: ಸಿರುಗುಪ್ಪದ ಡೇರೆ ಟಾಕೀಸಿನಲ್ಲಿ ‘ಮೂರಕ್ಷರದ ಸಾವು’ ಎಂಬ ಚಲನಚಿತ್ರವನ್ನು ನೋಡಿ ಈ ಕಚೇರಿಯ ನೌಕರರು ಆನಂದಪಟ್ಟಿರುವುದು, ಸದರಿ ಆನಂದವನ್ನು ಕ್ರಮಬದ್ಧಗೊಳಿಸುವುದು, ಮತ್ತು ಚಪ್ಪಲಿ.

ಉಲ್ಲೇಖ:
1. ಬೆಂಗಳೂರಿನ ಪತ್ರಿಕೆಯೊಂದರ ವಿಮರ್ಶೆ (“ಸಾಹುಕಾರರನ್ನು ಒಂದೇ ಏಟಿಗೆ ಕೊಂದರು, ಕಾದಂಬರಿಯನ್ನು ಮಾತ್ರ ರೀಲು ರೀಲಾಗಿ ಕೊಂದರು”).
2. ಸಾಹೇಬರ ಮೌಖಿಕ ಆದೇಶ, ಊಟದ ವಿರಾಮದಲ್ಲಿ ನೀಡಿದ್ದು.
3. ಶ್ರೀಮತಿ ಕೊಟ್ರಬಸಮ್ಮ ಅವರ ಮೌಖಿಕ ಆಕ್ಷೇಪಣೆ, ಅಡುಗೆಮನೆಯಲ್ಲಿ ಸಲ್ಲಿಸಿದ್ದು. ಮತ್ತು ತದನಂತರದ ಮೌನ.

ಪೀಠಿಕೆ

ಈ ಕಚೇರಿಯ ಸಾಹೇಬರಾದ ಶ್ರೀ ವಾಸುದೇವ ಅವರು ಹರಕೆ ತೀರಿಸಲು ಮಂತ್ರಾಲಯಕ್ಕೆ ತೆರಳಿರುತ್ತಾರೆ. ಅವರು ಬರುವ ಸೋಮವಾರ ಮರಳುವ ತನಕ ಕಚೇರಿಯ ಪ್ರಭಾರವು ವ್ಯವಸ್ಥಾಪಕರಾದ ಶ್ರೀ ಮರಿಬಸಪ್ಪ ಅವರ (ಇನ್ನು ಮುಂದೆ ‘ಪ್ರಭಾರಿಗಳು’ ಎನ್ನಲಾಗುವುದು) ಮೇಲಿರುತ್ತದೆ. ಪ್ರಭಾರದ ಅವಧಿಯಲ್ಲಿ ಸದರಿಯವರಿಗೆ ಕಡತಕ್ಕೆ ಸಹಿ ಮಾಡುವ, ಮೇಜಿನ ಗಂಟೆ ಬಾರಿಸುವ ಹಾಗೂ ಸುತ್ತೋಲೆ ಹೊರಡಿಸುವ ಅಧಿಕಾರಗಳು ಪ್ರಾಪ್ತವಾಗಿವೆ. ಮೊದಲನೆಯದನ್ನು ಬಳಸಲಾಗಿದೆ. ಎರಡನೆಯದನ್ನು ಅಗತ್ಯಕ್ಕಿಂತ ತುಸು ಹೆಚ್ಚೇ ಬಳಸಲಾಗಿದೆ. ಮೂರನೆಯದನ್ನು ಈಗ ಬಳಸಲಾಗುತ್ತಿದೆ.

‘ಮೂರಕ್ಷರದ ಸಾವು’ ಎಂಬ ಪತ್ತೇದಾರಿ ಕಾದಂಬರಿಯು ಈ ಕಚೇರಿಯಲ್ಲಿ ಕೈಯಿಂದ ಕೈಗೆ ಹೋಗಿ, ರಟ್ಟು ಕಿತ್ತು, ಅಂಟಿಸಿ, ಮತ್ತೆ ಕಿತ್ತು, ಎಲ್ಲರ ಮೆಚ್ಚುಗೆ ಗಳಿಸಿರುವುದು ಸರ್ವವಿದಿತ. ಅದರ ಲೇಖಕರು ಮೈಸೂರು ಕಡೆಯವರು. ಅದರಲ್ಲಿ ಒಬ್ಬ ಸಾಹುಕಾರರು ಹಾಸಿಗೆಯಲ್ಲಿ ಇರಿತಕ್ಕೊಳಗಾಗಿ, ಪ್ರಾಣ ಬಿಡುವ ಮುನ್ನ “ಎಕ್ಕಡ” ಎಂಬ ಮೂರಕ್ಷರವನ್ನಷ್ಟೇ ಉಸುರುತ್ತಾರೆ. ಪತ್ತೇದಾರನು ಇಡೀ ಪುಸ್ತಕವನ್ನು ಖರ್ಚು ಮಾಡಿ ಆ ಮಾತಿನ ಗುಟ್ಟು ಬಿಡಿಸುತ್ತಾನೆ.

ನಮ್ಮ ಜಿಲ್ಲೆಯಲ್ಲಿ ಕಾಲಿಗೆ ಹಾಕುವುದನ್ನು ಚಪ್ಪಲಿ ಎನ್ನುತ್ತಾರೆ, ಹಳಬರು ಕೆರ ಎನ್ನುತ್ತಾರೆ. ಎಕ್ಕಡ ಎಂದರೆ ಇಲ್ಲಿ ಯಾರನ್ನು ಕೇಳಿದರೂ ತೆಲುಗಿನ ‘ಎಲ್ಲಿ’ ಎಂದೇ ಅರ್ಥ. ಹೀಗಾಗಿ, ಪುಸ್ತಕದ ಕೊನೆಯನ್ನು ಇನ್ನೂ ಯಾರೂ ಮುಟ್ಟದಿದ್ದಾಗ, ಸಾಯುವ ಮನುಷ್ಯ ‘ಎಲ್ಲಿ, ಎಲ್ಲಿ’ ಎಂದು ಏನನ್ನು ಕೇಳುತ್ತಿದ್ದಾನೆಂಬ ಬಗ್ಗೆ ಈ ಕಚೇರಿಯಲ್ಲಿ ಬಹಳ ಕಾಲ ವಾದ ನಡೆಯಿತು. ಕೆಲವರು ಹಣ ಎಂದರು, ಕೆಲವರು ಮಗ ಎಂದರು. ಕೊನೆಗೆ ಸಾಹೇಬರು ನಿಘಂಟು ತರಿಸಿ, ಮೈಸೂರು ಕಡೆ ಎಕ್ಕಡವೆಂದರೆ ಚಪ್ಪಲಿಯೆಂದೂ, ತಿಜೋರಿಯ ಕೀಲಿಕೈ ಚಪ್ಪಲಿಯ ಅಟ್ಟೆಯೊಳಗೆ ಇರುವುದನ್ನೇ ಸಾಹುಕಾರರು ಸೂಚಿಸಿದರೆಂದೂ ಸಾಬೀತುಪಡಿಸಿದರು. ಅಂದು ಸಾಹೇಬರ ಮುಖದಲ್ಲಿದ್ದ ಕಳೆಯನ್ನು ಬಡ್ತಿ ಬಂದ ದಿನವೂ ಯಾರೂ ಕಂಡವರಿಲ್ಲ. ಅಂದಿನಿಂದ ಆ ಪದವು ಸಾಹೇಬರ ಸ್ವಂತ ಆಸ್ತಿಯೆಂಬಂತೆ ಪರಿಗಣಿಸಲ್ಪಟ್ಟಿತು.

ಇಂತಿರುವಲ್ಲಿ ಕಾದಂಬರಿಯು ಚಲನಚಿತ್ರವಾಗಿ, ಉಲ್ಲೇಖ 1ರಲ್ಲಿ ಬೈಸಿಕೊಂಡು, ಬಳ್ಳಾರಿ ನಗರದಲ್ಲಿ ವಾರ ಪೂರೈಸದೆ, ಸಿರುಗುಪ್ಪದ ಡೇರೆಗೆ ಬಂದು ಬಿದ್ದಿತು. ಉಲ್ಲೇಖ 2ರ ಪ್ರಕಾರ ನೌಕರರೆಲ್ಲರೂ ಕುಟುಂಬ ಸಮೇತ ಹೋಗಿ, ಚಿತ್ರವನ್ನು ನೋಡಿ, ಬೇಸರಪಟ್ಟು, ಖಂಡನಾ ನಿರ್ಣಯಕ್ಕೆ ಸಹಿ ಮಾಡಬೇಕೆಂದು ಆದೇಶವಾಯಿತು. ಸಾಹೇಬರು ಜೀಪಿನಲ್ಲೂ ಉಳಿದವರು ಬಸ್ಸಿನಲ್ಲೂ ತೆರಳಿದರು. ಸಾಹೇಬರು ಕುರ್ಚಿಯಲ್ಲೂ, ಪ್ರಭಾರಿಗಳು ಮತ್ತು ಅವರ ಧರ್ಮಪತ್ನಿ ಶ್ರೀಮತಿ ಕೊಟ್ರಬಸಮ್ಮ ಅವರು ಅದರ ಹಿಂದಿನ ಬೆಂಚಿನಲ್ಲೂ, ಜೀಪು ಚಾಲಕ ಶ್ರೀ ಎರ್ರಿಸ್ವಾಮಿ ನೆಲದಲ್ಲೂ ಆಸೀನರಾದರು. ಚಿತ್ರ ಶುರುವಾಗುವ ಮುನ್ನವೇ ಸಾಹೇಬರು ಎದ್ದು ನಿಂತು, “ಕೊಲೆ ಮಾಡಿದಾಂವ ಅಡಿಗಿ ಭಟ್ಟ. ಲಕ್ಷ್ಯ ಕೊಟ್ಟು ನೋಡ್ರಿ, ಆವಾಗ ತಿಳೀತದ” ಎಂದು ಇಡೀ ಡೇರೆಗೆ ತಿಳಿಸಿದರು.

ಮುಂದೆ ನಡೆದದ್ದನ್ನು ದಾಖಲಿಸುವುದು ಅವಶ್ಯವಾಗಿದೆ. ಪರದೆಯ ಮೇಲೆ ಸಾಹುಕಾರರು ಇರಿತಕ್ಕೊಳಗಾದರು. ನಿರ್ದೇಶಕರು ಪ್ರೇಕ್ಷಕರ ಬುದ್ಧಿಯ ಮೇಲೆ ಲೇಶವೂ ನಂಬಿಕೆಯಿಲ್ಲದವರಾದ ಕಾರಣ, ಮಂಚದ ಬುಡದಲ್ಲಿದ್ದ ಚಪ್ಪಲಿ ಜೋಡನ್ನು ಪರದೆ ತುಂಬ, ಎಮ್ಮೆಯಷ್ಟು ದೊಡ್ಡದಾಗಿ, ಮೂರು ಸಲ ತೋರಿಸಿದರು. ಸಾಹುಕಾರರು ಕೈ ಎತ್ತಿ, ಕಣ್ಣು ಮೇಲೆ ಮಾಡಿ, “ಎಕ್ಕಡ... ಎಕ್ಕಡ...” ಎಂದು ನರಳಿದರು.

ನೆಲದಿಂದ ಎರ್ರಿಸ್ವಾಮಿ ಎದ್ದು, “ಇಕ್ಕಡ ಸಾಮೀ, ಇಕ್ಕಡ! ಮಂಚದ ಬುಡಕ ಐತಿ ನೋಡು!” ಎಂದು ಕೂಗಿದನು. ಇಕ್ಕಡ ಎಂದರೆ ತೆಲುಗಿನಲ್ಲಿ ‘ಇಲ್ಲಿ’ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಡೇರೆಗೆ ಡೇರೆಯೇ “ಇಕ್ಕಡ, ಇಕ್ಕಡ” ಎಂದು ಸಾಹುಕಾರರಿಗೆ ದಾರಿ ತೋರಿಸಿತು. ಆ ಗದ್ದಲದ ನಡುವೆ ಬೆಂಚಿನ ಮೇಲಿದ್ದ ಶ್ರೀಮತಿ ಕೊಟ್ರಬಸಮ್ಮ ಅವರು ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪರದೆಯನ್ನುದ್ದೇಶಿಸಿ ಈ ಕೆಳಗಿನಂತೆ ನುಡಿದರು:

“ಎಲ್ಲಾ ಗಂಡಸ್ರೂ ಒಂದ ನೋಡವ್ವಾ! ಸಾಯೋ ಹೊತ್ತಿನ್ಯಾಗೂ ಚಪ್ಪಲಿ ಎಲ್ಲಿ ಅಂತ ಕೇಳ್ತಾರ. ಮಂಚದ ಬುಡಕ ಅದಾವ್ರೀ ಸಾವ್ಕಾರ್ರ, ಹಾಕ್ಕೊಂಡು ಹೋಗ್ರಿ!”

ನಿಘಂಟಿಲ್ಲದೆ, ಪತ್ತೇದಾರನಿಲ್ಲದೆ, ತಪ್ಪು ದಾರಿಯಲ್ಲಿ ನಡೆದು ಸರಿಯಾದ ಮನೆಗೆ ಬಂದಂತೆ, ಕಾದಂಬರಿಯ ಗುಟ್ಟು ಮೊದಲನೇ ರೀಲಿನಲ್ಲೇ ಬಯಲಾಯಿತು. ಪ್ರಭಾರಿಗಳು ದಿನಾ ಬೆಳಿಗ್ಗೆ ಕಚೇರಿಗೆ ಹೊರಡುವಾಗ ಹೊಸ್ತಿಲಲ್ಲಿ ನಿಂತು ಕೇಳುವ ಪ್ರಶ್ನೆಯೂ ಅದೇ ಆಗಿರುವುದರಿಂದ, ಅವರಿಗೆ ಬಂದ ನಗುವನ್ನು ಯಾವ ಸೇವಾ ನಿಯಮವೂ ತಡೆಯುವಂತಿರಲಿಲ್ಲ. ಪತ್ತೇದಾರನು ಮನೆಯ ಆಳುಕಾಳುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ “ಎಕ್ಕಡ ಅಂದರೇನು?” ಎಂದು ಕೇಳಿದಾಗಲೊಮ್ಮೆ ಡೇರೆ ಉತ್ತರಿಸಿತು. ಅವನ ಅಂಟಿಸಿದ ಮೀಸೆ ಕಳಚಿದಾಗಲೊಮ್ಮೆ “ಮೀಸಿ, ಮೀಸಿ!” ಎಂದು ಎಚ್ಚರಿಸಿತು. ಕೊನೆಗೆ ಕೊಲೆಗಾರ ಅಡುಗೆ ಭಟ್ಟನಾಗಿರದೆ ಡಾಕ್ಟರಾಗಿ ಹೊರಬಿದ್ದಾಗ, ನೆಲದ ಮಂದಿಯೆಲ್ಲ ತಿರುಗಿ ಕುರ್ಚಿಯಲ್ಲಿದ್ದ ಸಾಹೇಬರನ್ನು ನೋಡಿದರು. ಪ್ರಭಾರಿಗಳು ಆಗ ಪತ್ನಿಯ ಹೆಗಲಿಗೆ ತಲೆಯಿಟ್ಟು, ಉಸಿರು ಸಿಗದೆ, ಕಣ್ಣೀರು ಸುರಿಸಿ ನಗುತ್ತಿದ್ದರು.

ಸಾಹೇಬರು ಹಿಂದಕ್ಕೆ ತಿರುಗಿ, “ಏನ್ರೀ ಮರಿಬಸಪ್ಪ, ನಗಲಿಕ್ಕೆ ಹತ್ತೀರೋ, ಅಳಲಿಕ್ಕೆ ಹತ್ತೀರೋ?” ಎಂದು ಕೇಳಿದರು.

ಪ್ರಭಾರಿಗಳು ಥಟ್ಟನೆ ತಲೆಯೆತ್ತಿ, “ಅಳಾಕ ಹತ್ತೀನ್ರಿ ಸರ್. ಅಂಥಾ ಕಾದಂಬರಿನ ಹಿಂಗ ಹಾಳ ಮಾಡ್ಯಾರಲ್ಲ ಅಂತ ಸಂಕಟಾತ್ರಿ” ಎಂದು ಉತ್ತರಿಸಿದರು.

“ಅಷ್ಟೇ ಮತ್ತ. ಇಂಥಾ ಹೊಲಸು ನೋಡಿ ನಗೋರು ತಿಳುವಳಿಕಿ ಇಲ್ಲದವರು” ಎಂದರು ಸಾಹೇಬರು. ಪ್ರಭಾರಿಗಳು “ಹೌದ್ರಿ ಸರ್, ತಿಳುವಳಿಕಿ ಇಲ್ಲದವರು” ಎಂದು ಅನುಮೋದಿಸಿದರು. ಪಕ್ಕದಲ್ಲಿ ಕೊಟ್ರಬಸಮ್ಮ ಅವರ ನಗು, ಟಾಕೀಸಿನ ಕರೆಂಟು ಹೋದ ಹಾಗೆ, ಅಲ್ಲಿಗೇ ನಿಂತಿತು.

ಬಸ್ಸು ತೆಕ್ಕಲಕೋಟೆ ದಾಟಿ ಬಳ್ಳಾರಿ ಮುಟ್ಟಿತು. ಮನೆಗೆ ಬಂದು ಒಲೆ ಹಚ್ಚುವಾಗ ಉಲ್ಲೇಖ 3ರ ಆಕ್ಷೇಪಣೆಯನ್ನು ಈ ರೀತಿಯಾಗಿ ಸಲ್ಲಿಸಲಾಯಿತು: “ನಕ್ಕಾಕಿ ನಾನೊಬ್ಬಾಕಿನ ಏನ್ರೀ? ನನ್ನ ಹೆಗಲಿಗಿ ತಲಿ ಕೊಟ್ಟು ನಕ್ಕಾಂವ ಯಾರು, ಸಾವ್ಕಾರ ಏನು? ನಾನೂ ನಕ್ಕೀನಿ ಅಂತ ಆ ಮಂದಿ ಮುಂದ ನೀವು ಹೇಳೂತನಾ, ನಿಮ್ಮದು ಯಾವುದೂ ಎಲ್ಲಿ ಐತಿ ಅಂತ ನನ್ನ ಕೇಳಬ್ಯಾಡ್ರಿ. ತಿಳುವಳಿಕಿ ಇದ್ದೋರು ಹುಡುಕ್ಕೊಳ್ರಿ.”

ಅಂದಿನಿಂದ ಸದರಿಯವರು ‘ಎಲ್ಲಿ’ ಎಂಬ ಪದವಿರುವ ಯಾವ ಪ್ರಶ್ನೆಗೂ ಉತ್ತರಿಸಿರುವುದಿಲ್ಲ. ಕನ್ನಡಕವು ಬಚ್ಚಲುಮನೆಯ ಗೂಡಿನಲ್ಲಿ ತಾನಾಗಿಯೇ ಸಿಕ್ಕಿತು. ಛತ್ರಿಗೆ ಈಗ ಕೆಲಸವಿಲ್ಲ. ಆದರೆ ಕಚೇರಿಗೆ ಹಾಕಿಕೊಂಡು ಬರುವ ಚರ್ಮದ ಚಪ್ಪಲಿಗಳು ಬಾಗಿಲ ಹಿಂದೆ, ಗೋಡೆಗೂಡಿನಲ್ಲಿ, ಜೋಳದ ಚೀಲದ ಸಂದಿಯಲ್ಲಿ, ಹಿತ್ತಲಲ್ಲಿ, ಕೊನೆಗೆ ನೆರೆಮನೆ ಯಂಕಮ್ಮನವರ ಅಂಗಳದಲ್ಲೂ ಹುಡುಕಿದರೂ ಪತ್ತೆಯಾಗಿಲ್ಲ. ಪ್ರಭಾರಿಗಳು ಒಂದು ಕಾಲಿಗೆ ನೀಲಿ ಪಟ್ಟಿಯ, ಇನ್ನೊಂದಕ್ಕೆ ಕೆಂಪು ಪಟ್ಟಿಯ ಹವಾಯಿ ಚಪ್ಪಲಿ ಹಾಕಿಕೊಂಡು ಕಚೇರಿ ನಡೆಸುತ್ತಿದ್ದಾರೆ. ಇದು ಹೊಸ ಸಮವಸ್ತ್ರವೇ ಎಂದು ಕುರುಗೋಡು ಶಾಖೆಯಿಂದ ಸ್ಪಷ್ಟೀಕರಣ ಕೇಳಿ ಪತ್ರ ಬಂದಿದೆ. ಅಲ್ಲವೆಂದು ಉತ್ತರಿಸಲಾಗಿದೆ.

ಈ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಬೇರೆ ದಾರಿ ಕಾಣದೆ, ಎಲ್ಲ ಸಿಬ್ಬಂದಿಗೆ ಈ ಕೆಳಕಂಡಂತೆ ತಿಳಿಯಪಡಿಸಲಾಗಿದೆ.

1. ಈ ಸುತ್ತೋಲೆಯ ಉದ್ದೇಶಕ್ಕಾಗಿ ‘ಆನಂದ’ವೆಂದರೆ ಹಲ್ಲು ಕಾಣಿಸುವುದು, ತೊಡೆ ತಟ್ಟಿಕೊಳ್ಳುವುದು, ಪಕ್ಕದವರ ಬೆನ್ನಿಗೆ ಗುದ್ದುವುದು ಹಾಗೂ ಕಣ್ಣೀರು. ವಿರಾಮದಲ್ಲಿ ಒಗ್ಗರಣೆ ಮಿರ್ಚಿ ತಿಂದು ಬಂದ ಕಣ್ಣೀರು ಇದರಲ್ಲಿ ಸೇರುವುದಿಲ್ಲ. ಎರಡೂ ಒಟ್ಟಿಗೆ ಬಂದಿದ್ದಲ್ಲಿ ನೌಕರನ ಮೂಗನ್ನು ನೋಡಿ ತೀರ್ಮಾನಿಸತಕ್ಕದ್ದು.

2. ಚಿತ್ರವನ್ನು ನೋಡಿ ಆನಂದಪಟ್ಟ ನೌಕರರನ್ನು ಈ ಮೂಲಕ ಮೂರು ವರ್ಗಗಳಾಗಿ ವಿಂಗಡಿಸಲಾಗಿದೆ.
(ಅ) ಕಾದಂಬರಿಯನ್ನು ಓದಿ ಆನಂದಪಟ್ಟವರು.
(ಆ) ಓದದೆ ಆನಂದಪಟ್ಟವರು.
(ಇ) ಓದಿದ್ದೇವೆಂದು ಇಷ್ಟು ವರ್ಷ ಹೇಳಿಕೊಂಡು ಬಂದು, ಚಿತ್ರ ನೋಡುವಾಗ “ಮುಂದೇನಾತು?” ಎಂದು ಪಕ್ಕದವರನ್ನು ಕೇಳಿದವರು.
(ಇ) ವರ್ಗದವರ ಪಟ್ಟಿಯನ್ನು ಕಚೇರಿಯ ಶಾಂತಿಯ ದೃಷ್ಟಿಯಿಂದ ಪ್ರಕಟಿಸಲಾಗುತ್ತಿಲ್ಲ. ಪಟ್ಟಿ ಎಲ್ಲಿದೆ ಎಂದು ಯಾರೂ ವಿಚಾರಿಸತಕ್ಕದ್ದಲ್ಲ. ವಿಚಾರಿಸಿದವರ ಹೆಸರನ್ನು ಪಟ್ಟಿಗೆ ಸೇರಿಸಲಾಗುವುದು.

3. ಒಳಗೊಳಗೇ ನಕ್ಕವರನ್ನು ಅರ್ಧ ನಕ್ಕವರೆಂದು ಪರಿಗಣಿಸಲಾಗುವುದು. ಕರವಸ್ತ್ರ ಬಾಯಿಗೆ ತುರುಕಿಕೊಂಡವರನ್ನು ಮುಕ್ಕಾಲು. ಕೆಮ್ಮಿದಂತೆ ನಟಿಸಿದವರು ವೈದ್ಯಕೀಯ ಪ್ರಮಾಣಪತ್ರ ಹಾಜರುಪಡಿಸುವುದು.

4. ಚಲನಚಿತ್ರದಲ್ಲಿ ಮರಣೋನ್ಮುಖ ವ್ಯಕ್ತಿಯು ಪ್ರೇಕ್ಷಕರತ್ತ ಮುಖ ಮಾಡಿ ಪ್ರಶ್ನೆ ಕೇಳಿದಲ್ಲಿ, ಅದನ್ನು ಸಾರ್ವಜನಿಕರ ಅಹವಾಲೆಂದು ಭಾವಿಸತಕ್ಕದ್ದು. ಉತ್ತರವನ್ನು ಕ್ರಮಾಗತ ಮಾರ್ಗದಲ್ಲಿ, ಅಂದರೆ ನೆಲದಿಂದ ಬೆಂಚಿಗೆ, ಬೆಂಚಿನಿಂದ ಕುರ್ಚಿಗೆ, ಕುರ್ಚಿಯಿಂದ ಪರದೆಗೆ ಸಲ್ಲಿಸಬೇಕು. ಎರ್ರಿಸ್ವಾಮಿ ನೆಲದಿಂದ ನೇರ ಪರದೆಗೆ ಉತ್ತರಿಸಿರುವುದು ನಿಯಮಬಾಹಿರವಾಗಿದ್ದು, ಅವನಿಂದ ಸಮಜಾಯಿಷಿ ಪಡೆಯಲಾಗಿದೆ. ಅವನ ಹೇಳಿಕೆ: “ಆಯಪ್ಪ ಸಾಯಾಕ ಹತ್ತಿದ್ದ್ರಿ. ನಾನು ಬೆಂಚಿಗೆ ಹೇಳಿ, ಬೆಂಚಿನೋರು ಸಾಹೇಬ್ರಿಗೆ ಹೇಳಿ, ಸಾಹೇಬ್ರು ನಾಳೆ ನೋಡೋಣ ಅಂದಿದ್ರ?” ಸದರಿ ಸಮಜಾಯಿಷಿಯನ್ನು ಒಪ್ಪಲಾಗಿದೆ. ಆದ್ದರಿಂದ ಅಹವಾಲುದಾರರು ಇಹಲೋಕ ತ್ಯಜಿಸುವ ಸಂಭವವಿರುವಲ್ಲಿ ಮಾತ್ರ ಕ್ರಮಾಗತ ಮಾರ್ಗಕ್ಕೆ ವಿನಾಯಿತಿ ನೀಡಲಾಗಿದೆ.

5. ಅಹವಾಲಿನ ಭಾಷೆ ತೆಲುಗೋ ಮೈಸೂರು ಕನ್ನಡವೋ ಎಂಬ ಬಗ್ಗೆ ಮೇಲಿನವರಿಂದ ಸ್ಪಷ್ಟೀಕರಣ ಬರುವ ತನಕ, “ಇಕ್ಕಡ” ಎಂದು ಬಾಯಲ್ಲಿ ಹೇಳುತ್ತ ಬೆರಳಿನಿಂದ ಕಾಲನ್ನು ತೋರಿಸುವುದು. ಇದರಿಂದ ಎರಡೂ ಭಾಷೆಯವರಿಗೆ ನ್ಯಾಯ ಸಿಗುತ್ತದೆ. ಮುಂದೆ ಕುಳಿತವರ ಮೂಗಿಗೆ ಕಾಲು ತಗುಲಿದಲ್ಲಿ ಇಲಾಖೆ ಹೊಣೆಯಲ್ಲ.

6. ಪತ್ತೇದಾರನ ಮೀಸೆ ಕಳಚಿ ಬೀಳುವುದನ್ನು ಗಮನಿಸಿದ ನೌಕರರು ವಿಷಯವನ್ನು ಮುಂದಿನ ರೀಲಿನವರೆಗೆ ತಮ್ಮಲ್ಲೇ ಗೌಪ್ಯವಾಗಿ ಇಟ್ಟುಕೊಳ್ಳತಕ್ಕದ್ದು. ಮುಂದಿನ ರೀಲಿನಲ್ಲಿ ಮೀಸೆ ಮತ್ತೊಂದು ಬದಿಗೆ ಅಂಟಿಕೊಂಡು ಬಂದಲ್ಲಿ ಗೌಪ್ಯತೆ ತಾನಾಗಿಯೇ ರದ್ದಾಗುತ್ತದೆ.

7. ಕಾದಂಬರಿಯಲ್ಲಿ ಕೊಲೆ ಮಾಡಿದವರೇ ಚಿತ್ರದಲ್ಲೂ ಕೊಲೆ ಮಾಡಬೇಕೆಂಬುದು ನ್ಯಾಯ. ಆದರೆ ಅಡುಗೆ ಭಟ್ಟನ ಪಾತ್ರಧಾರಿಯು ನಿರ್ಮಾಪಕರ ಅಳಿಯನೆಂದೂ, ಮಾವನಾದವನು ಅಳಿಯನನ್ನು ಜೈಲಿಗೆ ಕಳಿಸಲು ಒಪ್ಪಲಿಲ್ಲವೆಂದೂ ಟಾಕೀಸಿನ ಗೇಟಿನವರಿಂದ ತಿಳಿದುಬಂದಿದೆ. ಇದು ಕೌಟುಂಬಿಕ ವಿಷಯವಾದ ಕಾರಣ ಇಲಾಖೆ ಮಧ್ಯೆ ಪ್ರವೇಶಿಸುವುದಿಲ್ಲ. ಇನ್ನು ಮುಂದೆ ನೌಕರರು, ಅವರು ಯಾವುದೇ ದರ್ಜೆಯವರಾಗಿರಲಿ, ಕೊಲೆಗಾರನ ಹೆಸರನ್ನು ಚಿತ್ರ ಮುಗಿದ ಮೇಲೆಯೇ ಪ್ರಕಟಿಸತಕ್ಕದ್ದು. ಕುಂಬಳಕಾಯಿ ಕಳ್ಳ ಎಂದರೆ ಯಾರೂ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾಗಿಲ್ಲ.

8. ಕುರುಗೋಡು ಶಾಖೆಯ ನೌಕರರು ಚಿತ್ರವನ್ನೇ ನೋಡದೆ ನಕ್ಕಿರುವ ಬಗ್ಗೆ ದೂರು ಬಂದಿದೆ. ಜೀಪು ತೆಗೆದುಕೊಂಡು ಹೋದ ಎರ್ರಿಸ್ವಾಮಿಯು ಅಲ್ಲಿನ ಬಾಗಿಲಲ್ಲಿ ಸಾಹುಕಾರರಂತೆ ಬಿದ್ದು ಸತ್ತು ತೋರಿಸಿದ್ದೇ ಇದಕ್ಕೆ ಕಾರಣವೆಂದು ತಿಳಿದುಬಂದಿದೆ. ಇಂಥ ಎರಡನೇ ಕೈ ನಗುವನ್ನು ಮೂಲ ನಗುವೆಂದು ದಾಖಲಿಸುವಂತಿಲ್ಲ. ಎರ್ರಿಸ್ವಾಮಿಯು ಕಚೇರಿ ಸಮಯದಲ್ಲಿ ಸಾಯುವುದಿದ್ದರೆ ಮುಂಚಿತವಾಗಿ ರಜೆ ಪಡೆಯತಕ್ಕದ್ದು. ಪ್ರಭಾರಿಗಳಿಗೂ ಒಮ್ಮೆ ತೋರಿಸಬೇಕೆಂಬ ಕೋರಿಕೆಯನ್ನು ಅವನು ಇನ್ನೂ ಈಡೇರಿಸಿರುವುದಿಲ್ಲ.

9. ನಗುವ ನೌಕರರನ್ನು ಹಚ್ಚೊಳ್ಳಿಗೆ ವರ್ಗಾಯಿಸಲಾಗುವುದೆಂದು ಸಾಹೇಬರು ಆಗಾಗ ಹೇಳುತ್ತಿದ್ದುದು ಸರಿಯಷ್ಟೆ. ಈ ಬಗ್ಗೆ ಹಚ್ಚೊಳ್ಳಿ ಶಾಖೆಯ ಶ್ರೀ ಉಚ್ಚಂಗೆಪ್ಪ ಅವರು, ತಮ್ಮ ಊರನ್ನು ಶಿಕ್ಷೆಯೆಂದು ಬಳಸುತ್ತಿರುವುದಕ್ಕೆ ತೀವ್ರ ಆಕ್ಷೇಪಣೆ ಸಲ್ಲಿಸಿದ್ದಾರೆ: “ಇಲ್ಲಿ ಕಾಲುವಿ ನೀರೈತಿ, ಭತ್ತ ಐತಿ, ಬಸ್ಸು ತಪ್ಪಿದ್ರ ಟ್ರ್ಯಾಕ್ಟರ್ ಐತಿ. ನಗೋ ಮಂದಿ ಬಂದ್ರ ನಮಗೇನೂ ತಕರಾರಿಲ್ಲ. ಅಳಬುರಕರನ್ನ ಮಾತ್ರ ಕಳಸಬ್ಯಾಡ್ರಿ.” ಈ ಮನವಿಯನ್ನು ಪುರಸ್ಕರಿಸಿ, ಹಚ್ಚೊಳ್ಳಿಯನ್ನು ಶಿಕ್ಷೆಗಳ ಪಟ್ಟಿಯಿಂದ ತೆಗೆದು ಬಹುಮಾನಗಳ ಪಟ್ಟಿಗೆ ಸೇರಿಸಲಾಗಿದೆ.

10. ದಿನಾ ಬೆಳಿಗ್ಗೆ ಹೊಸ್ತಿಲಲ್ಲಿ ನಿಂತು “ಎಲ್ಲಿ?” ಎಂದು ಕೂಗುವ ವಿವಾಹಿತ ನೌಕರರ ಗಮನಕ್ಕೆ. ಹಾಗೆ ಕೂಗಿದಾಗ ಒಳಗಿನಿಂದ ಉತ್ತರ ಬರುವುದು ಸರ್ಕಾರಿ ಸೌಲಭ್ಯವಲ್ಲ. ಅದು ಹಕ್ಕೂ ಅಲ್ಲ. ಉತ್ತರಿಸುವವರು ಭಾನುವಾರವೂ ಹಬ್ಬದ ದಿನವೂ ಜ್ವರ ಬಂದಾಗಲೂ ಉತ್ತರಿಸಿಕೊಂಡು ಬಂದಿರುತ್ತಾರೆ. ಆ ದನಿ ನಿಂತ ಮೇಲೆ ಮನೆಯಲ್ಲಿ ಚಪ್ಪಲಿ ಮಾತ್ರವಲ್ಲ, ಬೇರೆ ಏನೇನೋ ಕಾಣದಂತಾಗುತ್ತದೆ ಎಂಬುದು ಪ್ರಭಾರಿಗಳ ಖುದ್ದು ಅನುಭವಕ್ಕೆ ಬಂದಿದೆ. ನಿನ್ನೆ ಸಂಜೆ ಅವರು ಮನೆಯ ನಡುವೆ ನಿಂತು, ತಾವು ಏನನ್ನು ಹುಡುಕುತ್ತಿದ್ದೇವೆಂಬುದನ್ನೇ ಮರೆತು, ಬಹಳ ಹೊತ್ತು ಹಾಗೆಯೇ ನಿಂತಿದ್ದರು.

11. ಖಂಡನಾ ನಿರ್ಣಯದ ಬಗ್ಗೆ. “ಸದರಿ ಚಿತ್ರವು ನಮಗೆ ಯಾವುದೇ ಸಂತೋಷವನ್ನು ಉಂಟುಮಾಡಿರುವುದಿಲ್ಲ” ಎಂಬ ನಿರ್ಣಯಕ್ಕೆ ಎಲ್ಲರೂ ಸಹಿ ಮಾಡಿದ್ದು, ಮೊದಲ ಸಹಿ ಪ್ರಭಾರಿಗಳದ್ದಾಗಿರುತ್ತದೆ. ಆ ಸಹಿಯನ್ನು ಈ ಮೂಲಕ ವಾಪಸು ಪಡೆಯಲಾಗಿದೆ. ಉಳಿದವರು ತಮ್ಮ ತಮ್ಮ ಸಹಿಗಳನ್ನು ವಾಪಸು ಪಡೆಯಲು ಇಚ್ಛಿಸಿದಲ್ಲಿ, ಸಾಲಾಗಿ ಬರುವುದು, ನೂಕುನುಗ್ಗಲು ಮಾಡಬಾರದು. ಬೆರಳಚ್ಚುಗಾರರಾದ ಶ್ರೀಮತಿ ಪದ್ಮಾಬಾಯಿ ಅವರು ಈ ವಾಕ್ಯವನ್ನು ಬೆರಳಚ್ಚು ಮಾಡುತ್ತಿರುವಾಗಲೇ ಎದ್ದು ಹೋಗಿ ತಮ್ಮ ಸಹಿಯನ್ನು ಹೊಡೆದುಹಾಕಿ ಬಂದು ಮುಂದುವರಿಸಿರುತ್ತಾರೆ.

12. ವಸ್ತುಸ್ಥಿತಿ. ಚಿತ್ರವು ಕೆಟ್ಟದಾಗಿದೆ. ಉಲ್ಲೇಖ 1ರ ವಿಮರ್ಶಕರು ಬರೆದಿರುವುದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಸ್ಮಶಾನದಲ್ಲಿ ಹಾಡು ಬೇಕಾಗಿರಲಿಲ್ಲ, ಅದಕ್ಕೆ ಹಗಲು ವೇಷದವರಂತೆ ಬಣ್ಣ ಬಳಿದುಕೊಂಡ ದೆವ್ವಗಳು ಕುಣಿಯುವುದಂತೂ ಸುತರಾಂ ಬೇಕಾಗಿರಲಿಲ್ಲ. ಕಾದಂಬರಿಯನ್ನು ಪ್ರಭಾರಿಗಳು ಈಗಲೂ ಪ್ರೀತಿಸುತ್ತಾರೆ, ಅದನ್ನು ಓದಿ ಅವರು ಊಟ ಮರೆತದ್ದುಂಟು. ಇಷ್ಟೆಲ್ಲ ಇದ್ದಾಗ್ಯೂ, ಪ್ರಭಾರಿಗಳು ಸದರಿ ಚಿತ್ರವನ್ನು ನೋಡಿ ನಕ್ಕಿದ್ದಾರೆ. ಅಳಲಿಲ್ಲ. ಸಂಕಟವಾಗಲಿಲ್ಲ. ಹೊಟ್ಟೆ ಹುಣ್ಣಾಗುವಂತೆ, ಬೆಂಚು ಅಲುಗುವಂತೆ, ಬಡ್ತಿ ಬಂದಾಗಿನಿಂದ ಎಲ್ಲೋ ಇಟ್ಟು ಮರೆತಿದ್ದ ನಗುವನ್ನು ನಕ್ಕಿದ್ದಾರೆ. ಚಿತ್ರಕ್ಕಿಂತಲೂ ಹೆಚ್ಚಾಗಿ ಪಕ್ಕದಲ್ಲಿ ನಗುತ್ತಿದ್ದವರನ್ನು ನೋಡಿ ನಕ್ಕಿದ್ದಾರೆ. ಸಾಹುಕಾರರಿಗೆ ಚಪ್ಪಲಿ ತೋರಿಸಲು ಎದ್ದು ನಿಂತ ಆ ಹೆಂಗಸು ತಮ್ಮ ಮನೆಯವರು ಎಂದು ಹೆಮ್ಮೆಪಟ್ಟಿದ್ದಾರೆ. ಆಮೇಲೆ ಕುರ್ಚಿ ತಿರುಗಿದ ಕೂಡಲೇ ಆ ಹೆಮ್ಮೆಯನ್ನು ಬೆಂಚಿನ ಕೆಳಗೆ ಸರಿಸಿದ್ದಾರೆ. ತಿಳುವಳಿಕೆ ಇಲ್ಲದ ಮಾತು ಅಂದು ಡೇರೆಯಲ್ಲಿ ಒಂದೇ ಒಂದು ಬಂದಿದ್ದು, ಅದು ಪ್ರಭಾರಿಗಳ ಬಾಯಿಂದ ಬಂದಿರುತ್ತದೆ. ಈ ಬಾಬತ್ತಿನಲ್ಲಿ ಯಾವುದೇ ಸ್ಪಷ್ಟೀಕರಣದ ಅಗತ್ಯವಿಲ್ಲ.

13. ಈ ಸುತ್ತೋಲೆಯನ್ನು ಗಾಂಧಿನಗರ ಕಚೇರಿಯ ಸೂಚನಾ ಫಲಕದಲ್ಲಿ, ಸಿರುಗುಪ್ಪ, ಕುರುಗೋಡು, ತೆಕ್ಕಲಕೋಟೆ ಹಾಗೂ ಹಚ್ಚೊಳ್ಳಿ ಶಾಖೆಗಳಲ್ಲಿ ಅಂಟಿಸಿ, ಎಲ್ಲ ನೌಕರರ ಮುಂದೆ ಗಟ್ಟಿಯಾಗಿ ಓದತಕ್ಕದ್ದು. 12ನೇ ಕಂಡಿಕೆಯನ್ನು ಎರಡು ಸಲ ಓದತಕ್ಕದ್ದು. ‘ಆ ಮಂದಿ ಮುಂದ’ ಎಂಬ ಷರತ್ತನ್ನು ಪೂರೈಸುವ ಸಲುವಾಗಿ, ಅಂದು ಡೇರೆಯಲ್ಲಿದ್ದವರು ಓದುವಾಗ ಮುಂದಿನ ಸಾಲಿನಲ್ಲಿ ನಿಲ್ಲತಕ್ಕದ್ದು. ಓದುವವರಿಗೆ ನಗು ಬಂದಲ್ಲಿ ನಿಲ್ಲಿಸಿ, ನಕ್ಕು, ಬಿಟ್ಟ ಜಾಗದಿಂದ ಮುಂದುವರಿಸಬಹುದು.

14. ಚಿತ್ರವು ಈ ಶುಕ್ರವಾರ ಕುರುಗೋಡಿಗೆ ಬರಲಿದೆ ಎಂದು ತಿಳಿದುಬಂದಿದೆ. ಪ್ರಭಾ­ರಿಗಳು ಭಾನುವಾರ ಖಾಸಗಿಯಾಗಿ, ಸ್ವಂತ ಖರ್ಚಿನಲ್ಲಿ, ನೆಲದಲ್ಲಿ ಕುಳಿತು ಅದನ್ನು ಮತ್ತೊಮ್ಮೆ ನೋಡಲಿದ್ದಾರೆ. ಜೊತೆಗೆ ಒಬ್ಬರಿಗೆ ಜಾಗ ಹಿಡಿಯಲಾಗುವುದು. ಅವರು ಬರುವುದು ಬಿಡುವುದು ಅವರ ವಿವೇಚನೆಗೆ ಬಿಟ್ಟದ್ದು. ಬಾರದಿದ್ದಲ್ಲಿ ಆ ಜಾಗವನ್ನು ಖಾಲಿಯಾಗಿಯೇ ಉಳಿಸಿಕೊಳ್ಳಲಾಗುವುದು, ಎರ್ರಿಸ್ವಾಮಿಗೆ ಕೊಡಲಾಗುವುದಿಲ್ಲ.

ಈ ಸೂಚನೆಗಳು ತಕ್ಷಣದಿಂದ ಜಾರಿಗೆ ಬರತಕ್ಕದ್ದು. ಸೋಮವಾರ ಸಾಹೇಬರು ಬಂದ ಮೇಲೆ ಜಾರಿಯಲ್ಲಿ ಉಳಿಯುತ್ತವೆಯೇ ಎಂಬುದನ್ನು ಈಗಲೇ ಹೇಳಲು ಬರುವುದಿಲ್ಲ.

ಸಹಿ/-
(ಮರಿಬಸಪ್ಪ)
ವ್ಯವಸ್ಥಾಪಕರು ಹಾಗೂ ಪ್ರಭಾರ ಅಧಿಕಾರಿ
(ಸೋಮವಾರದವರೆಗೆ)

ಬೆರಳಚ್ಚುಗಾರರ ಟಿಪ್ಪಣಿ: ‘ಎಕ್ಕಡ’ ಪದವನ್ನು ಪದೇ ಪದೇ ಹೊಡೆದು ಯಂತ್ರದ ಕ ಒತ್ತಕ್ಷರ ಸಿಕ್ಕಿಹಾಕಿಕೊಂಡಿದೆ. ರಿಪೇರಿಯವರು ಬರುವ ತನಕ ಅಕ್ಕ, ಚಿಕ್ಕಪ್ಪ, ಸಕ್ಕರೆ ಮುಂತಾದವರ ಬಗ್ಗೆ ಯಾರೂ ಪತ್ರ ಬರೆಸಬಾರದಾಗಿ ವಿನಂತಿ. — ಪದ್ಮಾಬಾಯಿ

ಪ್ರತಿಗಳು:

1. ಶ್ರೀ ವಾಸುದೇವ ಸಾಹೇಬರಿಗೆ, ಮರಳಿದ ಕೂಡಲೇ ಅವಗಾಹನೆಗಾಗಿ, ಗೌರವಪೂರ್ವಕವಾಗಿ. ಪ್ರಭಾರಿಗಳನ್ನು ಹಚ್ಚೊಳ್ಳಿಗೆ ವರ್ಗಾಯಿಸಲು ಉದ್ದೇಶಿಸಿದ್ದಲ್ಲಿ, ಚಪ್ಪಲಿ ಸಿಕ್ಕ ನಂತರ ಆದೇಶ ಹೊರಡಿಸಲು ಕೋರಿದೆ.
2. ಶ್ರೀ ಉಚ್ಚಂಗೆಪ್ಪ, ಹಚ್ಚೊಳ್ಳಿ ಶಾಖೆ, ಮೇಲಿನ ಕ್ರಮ ಸಂಖ್ಯೆ 1ರ ಹಿನ್ನೆಲೆಯಲ್ಲಿ ಒಂದು ಬಾಡಿಗೆ ಮನೆ ನೋಡಿಡಲು.
3. ಸಿರುಗುಪ್ಪದ ಡೇರೆ ಟಾಕೀಸಿನ ಮಾಲೀಕರಿಗೆ, ಅಲುಗಿದ ಬೆಂಚಿನ ದುರಸ್ತಿಗಾಗಿ.
4. ಸಾಹುಕಾರರ ಪಾತ್ರಧಾರಿಗೆ, ವಿಳಾಸ ತಿಳಿದಲ್ಲಿ, ಶ್ರದ್ಧಾಂಜಲಿಯೊಂದಿಗೆ.
5. ಶ್ರೀ ಎರ್ರಿಸ್ವಾಮಿ, ಜೀಪು ಚಾಲಕ, ಕ್ರಮ ಸಂಖ್ಯೆ 6ರ ಪ್ರತಿಯನ್ನು ಖುದ್ದಾಗಿ ತಲುಪಿಸಿ, ಬಾಗಿಲಲ್ಲಿ ಸತ್ತು ತೋರಿಸದೆ, ಉತ್ತರ ಪಡೆದು ಬರಲು.
6. ಶ್ರೀಮತಿ ಕೊಟ್ರಬಸಮ್ಮ ಅವರಿಗೆ. ಪಿಚ್ಚರ್ ಚೊಲೋ ಇತ್ತು. ಚಪ್ಪಲಿ ಎಕ್ಕಡ?

ಕಡತಕ್ಕೆ ಸೇರಿಸಿದ ಹಿಂಬರಹ (ಕ್ರಮ ಸಂಖ್ಯೆ 6ರ ಪ್ರತಿಯು ಮಧ್ಯಾಹ್ನ ಊಟದ ಡಬ್ಬಿಯ ಜೊತೆ ವಾಪಸು ಬಂದಿದ್ದು, ಅದರ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ಬರೆದಿರುವಂತೆ):

“ಮಂಚದ ಬುಡಕ ಅದಾವ್ರೀ ಸಾವ್ಕಾರ್ರ. ಭಾನುವಾರ ಹಾಕ್ಕೊಂಡು ಹೋಗೂಣು.”